ಮಗ್ಗಲ ಪಾಳಿ

ಆ ದಿನದ ಪಾಳಿ ಶಾಲುಬಾಯಿಯದು. ಅದನ್ನು ತಪ್ಪಿಸಿಕೊಳ್ಳಲು ಆಕೆ ಮುಂಜಾನೆಯಿಂದ ಹೂಡದ ನೆವವಿಲ್ಲ. ಮೊದಲು ತಲೆ ಸಿಡಿಯುತ್ತದೆ ಎಂದಳು, ಆಮೇಲೆ ಎಮ್ಮೆ ಕಾಲು ಕುಂಟುತ್ತಿದೆ ಎಂದಳು. ನೆವಗಳೆಲ್ಲ ಮುಗಿದ ಮೇಲೆ ಉಳಿದದ್ದು ನಿಜ ಒಂದೇ. ಅದನ್ನು ಕೌಸಲ್ಯಾಬಾಯಿಯ ಮುಖಕ್ಕೇ ಹೇಳಿದಳು.

"ಆಕಿ ಮಗ್ಗಲ ನಾ ಕೂಡ್ರಂಗಿಲ್ರಿ. ನಮ್ಮಣ್ಣನ್ನ ಕೊಂದವರ ಮನಿ ಹೆಣ್ಮಗಳು ಆಕಿ."

ಕೌಸಲ್ಯಾಬಾಯಿ ಚಿಂತಾಕಿಯ ಚರ್ಚಿನ ಬಾಗಿಲಲ್ಲಿ ಉಳಿದ ಹೆಂಗಸರ ಜೊತೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಹಲ್ಲು ಉದುರಿದ, ಬೆನ್ನು ಬಾಗಿದ ಮುದುಕಿ. ಕಲ್ಲೊಂದನ್ನು ಆರಿಸಿ ಎಸೆದು, ಇವತ್ತು ಯಾರ ಪಾಳಿ ಎಂದಷ್ಟೇ ಕೇಳಿದಳು. ಶಾಲುಬಾಯಿ ಗಂಜಿಯ ಬಟ್ಟಲನ್ನು ಎತ್ತಿಕೊಂಡು, ಸೆರಗನ್ನು ಸಿಟ್ಟಿನಿಂದ ಸೊಂಟಕ್ಕೆ ಸಿಗಿಸಿಕೊಂಡು ಒಳಗೆ ಹೋದಳು.

ಚಿಂತಾಕಿಯ ಚರ್ಚು ಅಂದರೆ ಮಣ್ಣಿನ ಗೋಡೆ, ತಗಡಿನ ಮಾಡು, ಅಷ್ಟೇ. ಊರ ಹೊರಗಿನ ಕೇರಿಯ ಜನ ತಮ್ಮ ಕೈಯಿಂದಲೇ ಕಟ್ಟಿಕೊಂಡದ್ದು. ಕಟ್ಟಡ ಸಣ್ಣದಾದರೂ ಮಂಡಳಿಗಳಿಗೇನೂ ಬರವಿರಲಿಲ್ಲ. ಗಂಟೆ ಬಾರಿಸುವವರದೊಂದು, ಕುಣಿ ತೋಡುವ ಗಂಡಸರದೊಂದು, ಮನೆಮನೆಗೆ ಹೋಗಿ ಹಿಡಿ ಜೋಳ ಎತ್ತುವವರದೊಂದು, ಹಾಡುವವರದೊಂದು. ಹಾಡುವ ಮಂಡಳಿಯಲ್ಲಿ ಕಂಠಕ್ಕಿಂತ ಗಂಟಲೇ ಹೆಚ್ಚಿತ್ತು ಅನ್ನುವುದು ಬೇರೆ ಮಾತು. ಆದರೆ ಸುತ್ತಿನ ಹಳ್ಳಿಗಳಿಗೆಲ್ಲ ಗೊತ್ತಿದ್ದದ್ದು ಮಗ್ಗಲು ಕೂಡುವ ಹೆಂಗಸರ ಮಂಡಳಿ.

ಅವರ ಕೆಲಸ ಹೆಸರಿನಲ್ಲೇ ಇತ್ತು. ಯಾರಾದರೂ ಜಡ್ಡಿಗೆ ಬಿದ್ದರೆ, ಹೆತ್ತರೆ, ಸಾಯುವ ಹೊತ್ತು ಹತ್ತಿರ ಬಂದರೆ, ಅವರ ಮಗ್ಗುಲಲ್ಲಿ ಒಬ್ಬಳು ಹೋಗಿ ಕೂಡುತ್ತಿದ್ದಳು. ಉಪದೇಶವಿಲ್ಲ, ಕೇಳದೆ ಪ್ರಾರ್ಥನೆಯೂ ಇಲ್ಲ. ಗಂಜಿ ಕುಡಿಸಬೇಕು, ನೊಣ ಹೊಡೆಯಬೇಕು, ಕೈ ಹಿಡಿದುಕೊ ಅಂದರೆ ಹಿಡಿದುಕೊಳ್ಳಬೇಕು. ಒಬ್ಬಳ ಪಾಳಿ ಮುಗಿಯುವುದರೊಳಗೆ ಇನ್ನೊಬ್ಬಳು ಬರಬೇಕು. ಯಾವ ಮನೆಗೆ ಹೋದರೂ ಅವರ ಮೊದಲ ಮಾತು, "ಮಗ್ಗಲ ಯಾರದಾರ್ರಿ?" ಯಾರೂ ಇಲ್ಲ ಅಂದರೆ ಕೂತುಬಿಡುವುದು. ಕಾಲರಾ ಬಂದ ವರ್ಷ ಸ್ವಂತ ಬಳಗವೇ ಹೊಸ್ತಿಲು ದಾಟಿ ಓಡಿದಾಗ ಉಳಿದವರು ಇವರೇ. ದೊಡ್ಡ ಮನೆಯವರು ಆಗಲೂ ಇವರನ್ನು ಪಡಸಾಲೆಗೆ ಬಿಟ್ಟುಕೊಳ್ಳಲಿಲ್ಲ. ಜಡ್ಡಿನವರನ್ನೇ ಹೊರಗೆ ದನದ ಕೊಟ್ಟಿಗೆಗೆ ತಂದು ಮಲಗಿಸುತ್ತಿದ್ದರು. ಜಾತಿ ಉಳಿಸಿಕೊಳ್ಳಲು ಜನ ಎಷ್ಟು ಬುದ್ಧಿ ಖರ್ಚು ಮಾಡುತ್ತಾರೆ ನೋಡಿ.

ಪರದೆಯ ಹಿಂದೆ, ಹಿಡಿ ಜೋಳದ ಚೀಲಗಳ ಪಕ್ಕದಲ್ಲಿ, ಖೈರುನ್ನಿಸಾ ಮಲಗಿದ್ದಳು. ಕೂಸು ಹುಟ್ಟಿ ಇನ್ನೂ ವಾರ ತುಂಬಿರಲಿಲ್ಲ. ಹಿಂದೂಸ್ತಾನದ ಫೌಜು ಬಂದು, ನಿಜಾಮರ ರಾಜ್ಯ ಮುಳುಗಿ, ಬೀದರದ ಕಿಲ್ಲೆಯ ಮೇಲೆ ಬೇರೆ ಬಾವುಟ ಏರಿದ ದಿನಗಳವು. ಫೌಜು ಮುಂದೆ ಹೋಯಿತು. ಅದರ ಹಿಂದೆಯೇ ಕೊಡಲಿ, ಕುಡುಗೋಲು ಹಿಡಿದ ಗುಂಪುಗಳು ನಿಜಾಮರ ಪರವಾಗಿ ಬಂದೂಕು ಹಿಡಿದಿದ್ದ ರಜಾಕಾರರನ್ನು ಹುಡುಕುತ್ತ ಹಳ್ಳಿಹಳ್ಳಿ ಸುತ್ತತೊಡಗಿದವು. ರಜಾಕಾರರು ವರ್ಷಾನುಗಟ್ಟಲೆ ಸುಟ್ಟದ್ದಕ್ಕೆ, ಸುಲಿದದ್ದಕ್ಕೆ ಬಡ್ಡಿ ತೀರಿಸಲು ಬಂದವರು ತಪ್ಪು ಮಾಡಿದವರನ್ನು ಬೇರೆ ತೆಗೆದು ನೋಡುವಷ್ಟು ತಾಳ್ಮೆಯಲ್ಲಿರಲಿಲ್ಲ. ಮುಸಲ್ಮಾನರ ಓಣಿ ಒಂದೇ ಹಗಲಿನಲ್ಲಿ ಖಾಲಿಯಾಯಿತು. ಎದ್ದು ನಿಲ್ಲಲಾರದ ಬಾಣಂತಿಯೊಬ್ಬಳು ಉಳಿದಳು. ಮಂಡಳಿಯ ಹೆಂಗಸರು ಆಕೆಯನ್ನು ಮಲಗಿದ್ದ ಹೊರಸಿನ ಸಮೇತ ಎತ್ತಿಕೊಂಡು ಬಂದರು. ನಾಥಾನಪ್ಪ ಪಾದ್ರಿ ಔಷಧಿಗೂ ಬಂಡಿಗೂ ಅಂತ ಬೀದರಕ್ಕೆ ಹೋದವರು ಇನ್ನೂ ತಿರುಗಿ ಬಂದಿರಲಿಲ್ಲ.

ಶಾಲುಬಾಯಿಯ ಅಣ್ಣ ಪಂಢರಿ ಆ ಬೇಸಿಗೆಯಲ್ಲಿ ಸತ್ತಿದ್ದ. ಕಣಜದ ಜೋಳ ಕೊಡುವುದಿಲ್ಲ ಅಂದದ್ದಕ್ಕೆ ರಜಾಕಾರರು ಅವನನ್ನು ಬೇವಿನ ಮರಕ್ಕೆ ಕಟ್ಟಿ ಬಡಿದಿದ್ದರು. ಅಂದಿನಿಂದ ಶಾಲುಬಾಯಿಯ ಹೊಟ್ಟೆಯೊಳಗಿನ ಬೆಂಕಿ ಆರಿರಲಿಲ್ಲ. ಖೈರುನ್ನಿಸಾಳ ಗಂಡ ಚಾಂದ ಪಾಶಾ ಆ ಪಡೆಯ ಖಾಕಿ ಹಾಕಿಕೊಂಡು ತಿರುಗಿದವನೆಂದು ಊರಿಗೆಲ್ಲ ಗೊತ್ತಿತ್ತು.

ಹೊರಸಿನ ಪಕ್ಕ ಕೂತು ಶಾಲುಬಾಯಿ ಬಟ್ಟಲನ್ನು ಮುಂದೆ ಚಾಚಿದಳು, ಮುಖ ಮಾತ್ರ ಗೋಡೆಯ ಕಡೆ. ಖೈರುನ್ನಿಸಾ ಬಟ್ಟಲು ತೆಗೆದುಕೊಳ್ಳಲಿಲ್ಲ. ಜ್ವರದಿಂದ ಕಣ್ಣು ಕೆಂಪಾಗಿದ್ದವು. ಇವತ್ತು ಯಾರ ಪಾಳಿ ಅಂತ ನಿನ್ನೆಯೇ ಗೊತ್ತಾಗಿತ್ತು, ಅದಕ್ಕೆ ನಿದ್ದೆ ಬರಲಿಲ್ಲ ಎಂದಳು. ತನಗೆ ಹೆದರಿ ಒಬ್ಬರ ನಿದ್ದೆ ಕೆಡುತ್ತದೆಂದು ಶಾಲುಬಾಯಿ ಯಾವತ್ತೂ ಎಣಿಸಿರಲಿಲ್ಲ.

"ಅಕ್ಕಾ, ನಿಮ್ಮ ಕೈಲೆ ಗಂಜಿ ಕುಡ್ಯೋ ಮೊದಲ ಒಂದ್ ಮಾತು ಹೇಳಬೇಕು," ಅಂದಳು ಖೈರುನ್ನಿಸಾ. "ಆ ದಿನ ಬೇವಿನ ಮರದ ಕೆಳಗ ಹಗ್ಗ ಹಿಡದಿದ್ದು ನನ್ನ ಗಂಡ. ಮನಿಗಿ ಬಂದು ಕೈ ತೊಳೀತಾ ಹೇಳಿದ. ನಾ ಏನೂ ಅನ್ನಲಿಲ್ಲ. ಈಗ ಕೊಡ್ತೀರಂದ್ರ ಕೊಡ್ರಿ."

ಊರಿಗೆ ಗೊತ್ತಿದ್ದದ್ದು ಒಂದು, ಈ ಹಗ್ಗ ಬೇರೆಯೇ. ಶಾಲುಬಾಯಿ ಬಟ್ಟಲನ್ನು ನೆಲಕ್ಕಿಟ್ಟು ಎದ್ದಳು. ಪಾಳಿ ಹಾಳಾಗಿ ಹೋಗಲಿ, ಮಂಡಳಿ ಹಾಳಾಗಿ ಹೋಗಲಿ ಅಂದುಕೊಂಡು ಪರದೆಗೆ ಕೈ ಹಾಕಿದಳು. ಅಷ್ಟರಲ್ಲಿ ಹೊರಗೆ ಬಂಡಿಯ ಸದ್ದು, ಬಹಳ ಜನರ ಹೆಜ್ಜೆಗಳ ಸದ್ದು ಕೇಳಿಸಿತು. ಆಕೆ ನಿಂತಲ್ಲೇ ನಿಂತಳು.

ಪರದೆಯ ಸೀಳಿನಿಂದ ಬಾಗಿಲು ಕಾಣುತ್ತಿತ್ತು. ನಡು ಹಗಲಿನ ಬಿಸಿಲಿನಲ್ಲಿ ಕೊಡಲಿಗಳು ಹೊಳೆಯುತ್ತಿದ್ದವು. ಮುಂದೆ ನಿಂತವನು ಮನ್ಮಥಪ್ಪ ಎಂಬ ರೈತ, ಭಾಲ್ಕಿ ಕಡೆಯ ಹಳ್ಳಿಯವನು. ಹೆಗಲ ಮೇಲಿನ ಧೋತರದ ಅಂಚು ಸುಟ್ಟಿತ್ತು, ಎಷ್ಟೋ ದಿನ ಮಲಗದ ಮುಖ. ಜೋಳ ಆರಿಸುತ್ತಿದ್ದ ಹೆಂಗಸರ ಕೈಗಳು ನಿಂತುಹೋದವು. ಅವನು ಚರ್ಚಿನ ಒಳಗೆ ಇಣುಕುತ್ತ, "ಇಲ್ಲಿ ರಜಾಕಾರರು ಅದಾರೇನು?" ಎಂದು ಕೇಳಿದ.

ಕೌಸಲ್ಯಾಬಾಯಿ ಮೊರವನ್ನು ಪಕ್ಕಕ್ಕಿಟ್ಟು ತಲೆ ಎತ್ತಿದಳು.

"ಅದೇವ್ರಿ," ಅಂದಳು. "ನಾವ ರಜಾಕಾರರು. ಯಾರ ಮನ್ಯಾಗ ಜಡ್ಡದ?"

ಮುದುಕಿ ಹೇಳಿದ್ದು ಸುಳ್ಳಲ್ಲ, ಅದೇ ತೊಂದರೆ. ಮಂಡಳಿ ಶುರುವಾದ ವರ್ಷ ನಾಥಾನಪ್ಪ ಪಾದ್ರಿ ಅದಕ್ಕೊಂದು ಘನವಾದ ಹೆಸರಿಡಬೇಕೆಂದು ಹಟ ಹಿಡಿದಿದ್ದರು. ಇಂಗ್ಲಿಷಿನ ವಾಲಂಟಿಯರ್ ಎಂಬ ಮಾತು ಹೆಂಗಸರ ನಾಲಿಗೆಗೆ ಹೊಂದಲಿಲ್ಲ. ಪಾದ್ರಿಗಳು ಬೀದರದಲ್ಲಿ ಉರ್ದು ಶಾಲೆ ಕಲಿತವರು, ತಮ್ಮ ಮನಸ್ಸಿನಿಂದ ಮುಂದೆ ಬಂದು ದುಡಿಯುವವರಿಗೆ ಉರ್ದುವಿನಲ್ಲಿ ರಜಾಕಾರರು ಅನ್ನುತ್ತಾರೆಂದು ಹೇಳಿ ಅದನ್ನೇ ಇಟ್ಟರು. ರಜಾ ದಿನವೂ ದುಡಿಯುವವರು ಅಂತ ಅದರ ಅರ್ಥವೆಂದು ಅರ್ಧ ಮಂಡಳಿ ನಂಬಿಕೊಂಡಿತ್ತು. ಏನಾದರೇನು, ಸರಕಾರಿ ನೌಕರಿ ಸಿಕ್ಕಷ್ಟು ಖುಷಿ ಎಲ್ಲರಿಗೂ. ಮುಂದೆ ಬಂದೂಕು ಹಿಡಿದವರು ಅದೇ ಹೆಸರನ್ನು ಎತ್ತಿಕೊಂಡರು. ಆ ಮಾತು ಇನ್ನು ಬಾಯಲ್ಲಿ ಬರಕೂಡದೆಂದು ಪಾದ್ರಿ ಕೈಮುಗಿದು ಹೇಳಿದರು, ಎಲ್ಲರೂ ಬಿಟ್ಟರು. ಕೌಸಲ್ಯಾಬಾಯಿ ಒಬ್ಬಳು ಬಿಡಲಿಲ್ಲ. ಹೆಸರು ಮೊದಲು ನಮ್ಮದು, ಬಿಡುವುದಾದರೆ ಅವರು ಬಿಡಲಿ ಅನ್ನುವುದು ಆಕೆಯ ವಾದ.

ಗುಂಪಿನಲ್ಲಿ ಯಾರೋ ನಕ್ಕರು. ಮನ್ಮಥಪ್ಪ ನಗಲಿಲ್ಲ. ಅವನು ಕೊಡಲಿಯನ್ನು ಭುಜದಿಂದ ಇಳಿಸಿ ಎರಡೂ ಕೈಯಲ್ಲಿ ಹಿಡಿದ. ಮುದುಕಿಗೆ ಅರುಳುಮರುಳು ಎಂದು ಉಳಿದವರು ಹೇಳಿಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹಾಗೆ ಹೇಳುವ ಮೊದಲ ಹೆಂಗಸು ಲಲಿತಾಬಾಯಿ ಎಂದು ಶಾಲುಬಾಯಿ ಪಣ ಕಟ್ಟಲೂ ತಯಾರಿದ್ದಳು, ಯಾಕೆಂದರೆ ಹಲ್ಲಿ ಲೊಚಗುಟ್ಟಿದರೂ ಬೆಚ್ಚಿ ಬೀಳುವ ಜೀವ ಅದು. ಲಲಿತಾಬಾಯಿ ಎದ್ದು ನಿಂತಳು. ಮಡಿಲಿನ ಜೋಳ ನೆಲಕ್ಕೆ ಸುರಿಯುತ್ತಿತ್ತು.

"ನಾನೂ ಇದ್ದೇನ್ರಿ," ಅಂದಳು.

ಆಕೆಯ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಎದ್ದರು. ಯಾರೂ ಕೂಗಲಿಲ್ಲ. ಹಾಜರಿ ಕರೆದಾಗ ಶಾಲೆಯ ಮಕ್ಕಳು ಹೇಳುವಂತೆ ನಾನೂ, ನಾನೂ ಅಂದರು. ಇವರನ್ನು ಶಾಲುಬಾಯಿ ಬಲ್ಲಳು. ಬಾವಿಕಟ್ಟೆಯಲ್ಲಿ ಕೊಡಕ್ಕಾಗಿ ಜಗಳಾಡುವವರು, ಒಬ್ಬರ ಸಾರಿನಲ್ಲಿ ಇನ್ನೊಬ್ಬರು ಹುಳುಕು ಹುಡುಕುವವರು. ಇವರೊಳಗೆ ಇದು ಎಲ್ಲಿತ್ತು, ಇಷ್ಟು ದಿನ ತನ್ನ ಕಣ್ಣಿಗೆ ಯಾಕೆ ಬೀಳಲಿಲ್ಲ ಅಂತ ಆಕೆ ಬೆರಗಾಗಿ ನಿಂತಳು.

ಮನ್ಮಥಪ್ಪ ಅವರ ನಡುವೆ ನುಗ್ಗಿ ಒಳಗೆ ಬಂದು ಪರದೆಯನ್ನು ಎಳೆದ. ಎದುರಿಗೆ ಶಾಲುಬಾಯಿ, ಆಕೆಯ ಹಿಂದೆ ಹೊರಸು. ಖೈರುನ್ನಿಸಾ ಕೂಸನ್ನು ಎದೆಗೆ ಒತ್ತಿ ಹಿಡಿದು ಕಣ್ಣು ಮುಚ್ಚಿದ್ದಳು. ಅವನ ಹಿಂದೆ ಬಂದ ಔರಾದಿನ ವ್ಯಾಪಾರಿಯೊಬ್ಬ ಶಾಲುಬಾಯಿಯ ಗುರುತು ಹಿಡಿದ. ಇವಳು ಪಂಢರಿಯ ತಂಗಿ, ಇವಳಣ್ಣನನ್ನೇ ಅವರು ಕೊಂದದ್ದು, ಇವಳು ನಮ್ಮವಳು, ಇವಳನ್ನು ಕೇಳು ಸಾಕು ಎಂದ.

ಮನ್ಮಥಪ್ಪನ ದನಿ ಮೆತ್ತಗಾಯಿತು. "ತಂಗಿ, ನೀ ಹೇಳು. ಈಕಿ ರಜಾಕಾರನ ಹೇಣ್ತಿ ಹೌದೋ ಅಲ್ಲೋ? ನಿನ್ನ ಒಂದ್ ಮಾತು ಸಾಕು."

ಒಂದೇ ಒಂದು ಮಾತು. ಅದನ್ನು ಆಡಲು ಶಾಲುಬಾಯಿ ಬೇಸಿಗೆಯಿಂದ ಕಾದಿದ್ದಳು, ರಾತ್ರಿಯೆಲ್ಲ ಹಾಸಿಗೆಯಲ್ಲಿ ಹೊರಳುತ್ತ ಅಂಥದೊಂದು ಗಳಿಗೆ ಕೊಡು ಎಂದು ದೇವರನ್ನು ಬೇಡಿದ್ದಳು. ಅಣ್ಣನ ಮುಖ ಕಣ್ಣ ಮುಂದೆ ಬಂತು. ಹಗ್ಗವೂ ಬಂತು. ಹೌದು ಎನ್ನಲು ಬಾಯಿ ತೆರೆದಳು, ಬಂದದ್ದು ಬೇರೆಯೇ.

"ರಜಾಕಾರ ಅಂದ್ರ ನಾನು. ಈಕಿ ನನ್ನ ಪಾಳಿ ಬಾಣಂತಿ."

ತನ್ನ ದನಿ ತನಗೇ ಪರಕೀಯವಾಗಿ ಕೇಳಿಸಿತು. ಮನ್ಮಥಪ್ಪ ನಂಬಲಾರದವನಂತೆ ನೋಡಿದ. ಇಂಥವರ ಗಂಡಂದಿರೇ ತನ್ನ ಮನೆಗೆ ಬೆಂಕಿ ಇಟ್ಟರು, ಅವ್ವ ಒಳಗಿದ್ದಳು, ಕೈಕಾಲು ಬೆಂದಿವೆ, ಜೀವ ಇನ್ನೂ ಇದೆ ಎಂದು ಅವನು ಬಿಕ್ಕುತ್ತ ಹೇಳಿದ. ಕೊಡಲಿಯ ಹಿಡಿಕೆಯನ್ನು ಬಿಗಿದ ಬೆರಳುಗಳು ಬೆಳ್ಳಗಾಗಿದ್ದವು.

ಶಾಲುಬಾಯಿ ಯೋಚಿಸಲಿಲ್ಲ. ವರ್ಷಗಳ ರೂಢಿ ತಾನಾಗಿಯೇ ಬಾಯಿಗೆ ಬಂತು.

"ಈಗ ನಿಮ್ಮವ್ವನ ಮಗ್ಗಲ ಯಾರದಾರ್ರಿ?"

ಮನ್ಮಥಪ್ಪ ಆಕೆಯನ್ನೇ ನೋಡಿದ, ಹೊರಸಿನ ಕಡೆ ನೋಡಿದ, ಕೊನೆಗೆ ತನ್ನ ಕೈಯ ಕೊಡಲಿಯನ್ನು ನೋಡಿದ. ಹತ್ತಿ ಹೊಲದ ಗುಡಿಸಲಿನಲ್ಲಿ ಅವ್ವನನ್ನು ಒಬ್ಬಳನ್ನೇ ಮಲಗಿಸಿ ಬಂದು ಎರಡು ದಿನವಾಗಿತ್ತು. ಅವನು ಪರದೆಯನ್ನು ತಿರುಗಿ ಎಳೆದು, ಹೆಗಲು ಇಳಿಬಿಟ್ಟು ಹೊರಗೆ ನಡೆದ. ಗುಂಪಿಗೆ ಅವನ ಮುಖ ನೋಡಿ ಏನನ್ನಿಸಿತೋ, ದಾರಿ ಬಿಟ್ಟಿತು.

ಬಂಡಿಯ ಹತ್ತಿರ ಬಹಳ ಹೊತ್ತು ಬೆನ್ನು ತಿರುಗಿಸಿ ನಿಂತ. ಶಾಲುಬಾಯಿ ಬಾಗಿಲ ತನಕ ಬಂದಿದ್ದಳು. ಅವನು ತಿರುಗಿದಾಗ ಕಣ್ಣುಗಳು ನೆಲದ ಮೇಲಿದ್ದವು.

"ನಿಮ್ಮಾಗ ಒಬ್ಬ ರಜಾಕಾರನ್ನ ಕಳಸ್ತೀರೇನು? ನಮ್ಮವ್ವಗ."

ಕೌಸಲ್ಯಾಬಾಯಿ ಎದ್ದು ಸೆರಗು ಝಾಡಿಸಿಕೊಂಡಳು. ನಾಳೆಯ ಪಾಳಿ ತನ್ನದು, ಒಂದು ದಿನ ಮೊದಲು ಹಿಡಿದರಾಯಿತು ಎಂದಳು. ಆಮೇಲೆ ಮನ್ಮಥಪ್ಪನ ಎದುರು ನಿಂತು, ತಾನು ಕೇರಿಯ ಹೆಂಗಸು, ದನದ ಕೊಟ್ಟಿಗೆಯಲ್ಲಿ ಕೂತು ಸುಟ್ಟ ಗಾಯ ನೋಡಲಾಗುವುದಿಲ್ಲ, ಒಳಗೆ ಬರಬೇಕಾಗುತ್ತದೆ, ನೀರು ತನ್ನ ಕೈಯಿಂದಲೇ ಕುಡಿಸಬೇಕಾಗುತ್ತದೆ ಎಂದು ಸ್ಪಷ್ಟವಾಗಿ ಹೇಳಿದಳು.

"ಒಳಗ ಹೊರಗ ಅನ್ನಾಕ ಮನಿ ಎಲ್ಲಿ ಉಳದದ, ಆಯಿ," ಅಂದ ಮನ್ಮಥಪ್ಪ. ಬಗ್ಗಿ, ಆಕೆಯ ತೋಳು ಹಿಡಿದು ಬಂಡಿಗೆ ಹತ್ತಿಸಿದ. ಚಿಂತಾಕಿಯಲ್ಲಿ ಅಂಥದನ್ನು ಅಂದಿನವರೆಗೆ ಯಾರೂ ಕಂಡಿರಲಿಲ್ಲ.

ಬಂಡಿ ಭಾಲ್ಕಿಯ ದಾರಿ ಹಿಡಿಯಿತು. ಕೊಡಲಿಗಳನ್ನು ಹುಲ್ಲಿನ ಮೇಲೆ ಎಸೆದಿದ್ದರು. ಅವುಗಳ ನಡುವೆ ಮುದುಕಿ ಕಾಲು ಮಡಚಿ ಕೂತಿದ್ದಳು, ಪಕ್ಕದವನಿಗೆ ಗಾಯಕ್ಕೆ ಏನು ಹಚ್ಚಿದ್ದೀರಿ ಅಂತ ಕೇಳುತ್ತಿದ್ದದ್ದು ದೂರದವರೆಗೂ ಕೇಳಿಸಿತು. ಶಾಲುಬಾಯಿಯ ಕಣ್ಣು ತುಂಬಿ ಬಂದವು. ದೇವರ ಭಯ ಅಂತ ಪಾದ್ರಿಗಳು ಪ್ರತಿ ವಾರ ಹೇಳುವಾಗ ಆಕೆ ಆಕಳಿಸುತ್ತಿದ್ದಳು. ಈಗ ಅದು ಮಂಡಿಯಿಂದ ಹತ್ತಿ ನೆತ್ತಿಯವರೆಗೆ ಬಂದಿತ್ತು, ನಿಲ್ಲಲು ಬಾಗಿಲ ಚೌಕಟ್ಟನ್ನು ಹಿಡಿದುಕೊಳ್ಳಬೇಕಾಯಿತು. ಅಣ್ಣನ ನೋವು ಹೋಗಿರಲಿಲ್ಲ. ಅದು ಇದ್ದಲ್ಲೇ ಇತ್ತು, ಈ ಬೆರಗು ಅದರ ಪಕ್ಕದಲ್ಲೇ ಬಂದು ಕೂತಿತ್ತು.

ಒಳಗೆ ಕೂಸು ಅಳತೊಡಗಿತು. ಗಂಜಿ ತಣ್ಣಗಾಗಿರುತ್ತದೆಂದು ನೆನಪಾಗಿ ಶಾಲುಬಾಯಿ ಅದನ್ನು ಬಿಸಿ ಮಾಡಲು ಒಲೆಯ ಕಡೆ ಹೋದಳು.