ಮನೆಗೆ ತೆಗೆದಿಟ್ಟ ಅಂಜಲ್

ಹೊಟ್ಟೆಕಿಚ್ಚಿಗೆ ಮುಪ್ಪಿಲ್ಲ. ಕೋಡಿಯ ಬೆಳ್ಳಿಗೆ ಅರವತ್ತು ದಾಟಿತ್ತು, ಮಂಡಿ ಸೋತಿತ್ತು, ಒಂದು ಕಿವಿ ಮಂದವಾಗಿತ್ತು. ಸೊಸೆಯನ್ನು ಕಂಡಾಗ ಏಳುವ ಅದೊಂದು ಮಾತ್ರ ಇನ್ನೂ ಹರೆಯದಲ್ಲಿತ್ತು. ಊರಿನ ಅತ್ತೆಯಂದಿರಿಗೆ ಸೊಸೆಯ ಮೇಲೆ ಸಿಟ್ಟು ಬರಲು ನೂರು ಕಾರಣ: ಸಾರಿಗೆ ಉಪ್ಪು ಹೆಚ್ಚಾಯಿತು, ಮಾತಿಗೆ ಎದುರು ಮಾತಾಡಿದಳು, ಮಗನನ್ನು ಸೆರಗಿಗೆ ಕಟ್ಟಿಕೊಂಡಳು. ಶ್ರೀಲತಾಳಲ್ಲಿ ಹೇಳಿಕೊಳ್ಳಲು ಅಂಥದ್ದೊಂದೂ ಇರಲಿಲ್ಲ. ಅವಳ ತಪ್ಪು ಒಂದೇ. ಮೀನು ಮಾರಲು ಹೊರಡುವ ಮೊದಲು ಪೆಟ್ಟಿಗೆಯಿಂದ ಒಳ್ಳೆಯದೊಂದು ಮೀನನ್ನು ಮನೆಗೆಂದು ತೆಗೆದಿಡುತ್ತಿದ್ದಳು.

ಇದೂ ಒಂದು ತಪ್ಪೇ ಎಂದು ಕೇಳುವವರು ಬೆಳ್ಳಿಯ ಅತ್ತೆಯನ್ನು ಕಂಡವರಲ್ಲ. ‘ಬುಟ್ಟಿ ಮೀನ್ ಗಿರಾಕಿದ್, ಬುಟ್ಟಿ ತಳ ಮನಿದ್’ ಎನ್ನುತ್ತಿದ್ದಳು ಆ ಮುದುಕಿ. ಬೋಣಿಯಾಗುವ ಮೊದಲು ಮನೆಗೆ ಮೀನು ಎತ್ತಿಟ್ಟರೆ ಅವತ್ತಿನ ವ್ಯಾಪಾರ ಹಾಳು ಎಂಬುದು ಆ ಮನೆಯ ಶಾಸ್ತ್ರ. ಬೆಳ್ಳಿ ಸಿಂಬೆಯ ಮೇಲೆ ಬುಟ್ಟಿ ಹೊತ್ತು, ಬಸ್ಸಿನ ಮಾಡಿನ ಮೇಲೆ ಅದನ್ನು ಹತ್ತಿಸಿ ಇಳಿಸಿ, ಹಾಲಾಡಿಯ ತನಕ ಹೋಗಿ ಮಾರಿದವಳು. ಗಿರಾಕಿಗಳು ಒತ್ತಿ ನೋಡಿ, ಮಗುಚಿ ನೋಡಿ, ಬೇಡವೆಂದು ಬಿಟ್ಟದ್ದು ಸಂಜೆ ಮನೆಗೆ ಬರುತ್ತಿತ್ತು. ಅದರಲ್ಲೂ ನಡುವಿನ ತುಂಡು ಮಾವನಿಗೆ, ಆಮೇಲೆ ಗಂಡ ಬಚ್ಚನಿಗೆ, ಉಳಿದದ್ದು ಮಗ ರತನ್‌ಗೆ. ತಲೆಯೂ ಸಾರಿನ ತಿಳಿಯೂ ಬೆಳ್ಳಿಗೆ. ಅವಳು ಗಿರಾಕಿಗಳಿಗೆ ಕೊಯ್ದು ಕೊಟ್ಟ, ಮೀನುಗಳಲ್ಲೇ ದುಬಾರಿಯಾದ ಅಂಜಲ್‌ಗಳನ್ನು ಸಾಲಾಗಿ ಇಟ್ಟರೆ ಕೋಡಿಯಿಂದ ಕುಂಭಾಶಿ ಮುಟ್ಟೀತು. ತಿಂದದ್ದು ಮಾತ್ರ ಯಾರದೋ ಮದುವೆಯ ಬೀಗರ ಊಟದಲ್ಲಿ, ಅದೂ ಕೊನೆಯ ಪಂಕ್ತಿಯಲ್ಲಿ.

ಈಗ ಅತ್ತೆ ಇಲ್ಲ, ಮಾವ ಇಲ್ಲ, ಬಚ್ಚನೂ ಹೋಗಿ ವರ್ಷಗಳಾದವು. ರತನ್ ಬೋಟಿಗೆ ಹೋದರೆ ಬರುವುದು ವಾರಕ್ಕೋ ಹತ್ತು ದಿನಕ್ಕೋ. ಶ್ರೀಲತಾ ಬೆಳಿಗ್ಗೆ ಬಂದರಿನಿಂದ ಮೀನು ತಂದು, ಸ್ಕೂಟರಿನ ಹಿಂದೆ ಐಸಿನ ಪೆಟ್ಟಿಗೆ ಕಟ್ಟಿಕೊಂಡು, ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು ಅದೇ ಹಾಲಾಡಿಗೆ ಹೊರಡುತ್ತಿದ್ದಳು. ಹಸಿವಾದರೆ ಉಣ್ಣುತ್ತಿದ್ದಳು, ಯಾರಿಗೂ ಕಾಯುತ್ತಿರಲಿಲ್ಲ. ಬೇಸರ ಬಂದ ದಿನ ವ್ಯಾಪಾರಕ್ಕೆ ರಜೆ ಹಾಕಿ ಗೆಳತಿಯರ ಜೊತೆ ಕೊಲ್ಲೂರಿಗೆ ಹೋಗಿಬರುತ್ತಿದ್ದಳು. ‘ಹೋತೆ ಅತ್ತೆ’ ಎಂದು ಹೇಳುತ್ತಿದ್ದಳೇ ಹೊರತು ‘ಹೋಪುದಾ ಅತ್ತೆ’ ಎಂದು ಕೇಳಿದವಳಲ್ಲ. ಬೆಳ್ಳಿಗೆ ಒಳಗೊಳಗೇ ಹೊಟ್ಟೆ ಉರಿಯುತ್ತಿತ್ತು. ಒಳ್ಳೆಯ ಹುಡುಗಿ ಎಂದು ಗೊತ್ತಿದ್ದೇ ಉರಿಯುತ್ತಿತ್ತು.

ಅವತ್ತು ಶ್ರೀಲತಾ ತೆಗೆದಿಟ್ಟದ್ದು ಒಂದು ಅಂಜಲ್. ಚಿಕ್ಕದೇ, ಆದರೆ ಆಗಷ್ಟೇ ಕಡಲಿನಿಂದ ಎದ್ದುಬಂದಂತಿತ್ತು. ಪಾತ್ರೆಗೆ ಹಾಕಿ ಮುಚ್ಚಿಟ್ಟು, “ಮಧ್ಯಾಹ್ನ ಬಂದ್ ನಾನೇ ಕೊಯ್ತೆ ಅತ್ತೆ. ಕಾವ್ಲಿ ಮೇಲ್ ಹುರ್ದ್ ಉಂಬ” ಎಂದು ಸ್ಕೂಟರ್ ಹತ್ತಿದಳು.

ಬೆಳ್ಳಿ ಮುಚ್ಚಳ ತೆಗೆದು ನೋಡಿದಳು. ಮುಚ್ಚಿದಳು. ಮತ್ತೆ ತೆಗೆದಳು. ಬೋಣಿಯಿಲ್ಲ, ಕೇಳುವುದಿಲ್ಲ, ತನಗೆ ಬೇಕೆನಿಸಿತು, ತೆಗೆದಿಟ್ಟಳು! ಅಷ್ಟು ಸುಲಭವಾ ಇದು? ಹಾಗಾದರೆ ತಾನು ಅಷ್ಟು ವರ್ಷ ತಲೆ ಚೀಪಿದ್ದು ಯಾವ ಪುರುಷಾರ್ಥಕ್ಕೆ?

ಆ ಹೊತ್ತಿಗೇ ನೆರೆಮನೆಯ ಪ್ರಭಾವತಿ ಬೇಲಿಯಾಚೆಯಿಂದ ಕರೆದಳು. “ಹ್ವಾಯ್ ಬೆಳ್ಳಕ್ಕ, ಮೀನ್ ಇತ್ತಾ? ಬೊಂಬಾಯಿಂದ ತಮ್ಮ ಬಂದಿದ್ದ ಕಾಣಿ.”

ಮನೆಯ ಮೀನು, ಕೊಡಲಾಗದು ಎಂದರೆ ಮುಗಿಯುತ್ತಿತ್ತು. “ಇತ್ತ್ ಮಾರಾಯ್ತಿ, ಬಾ” ಎಂದಳು ಬೆಳ್ಳಿ.

ಅಂಜಲ್ ಬೇಲಿ ದಾಟಿತು. ಬೆಳ್ಳಿ ಒಣಮೀನಿನ ಚಟ್ನಿ ಅರೆದು, ಜಗಳಕ್ಕೆ ಬೇಕಾದ ಮಾತುಗಳನ್ನೆಲ್ಲ ಹೊಂದಿಸಿಕೊಂಡು ಕೂತಳು. ಅಷ್ಟು ಹಗುರವಾಗಿ ಅವಳು ಕೂತು ಎಷ್ಟೋ ಕಾಲವಾಗಿತ್ತು.

ಮಧ್ಯಾಹ್ನ ಶ್ರೀಲತಾ ಖಾಲಿ ಪಾತ್ರೆ ನೋಡಿ, “ಅಂಜಲ್ ಎಲ್ಲಿ ಅತ್ತೆ?” ಎಂದಳು.

“ಮಾರ್ದೆ, ಪ್ರಭಾವತಿಗೆ. ಬೋಣಿ ಆಗ್ದೆ ಮನಿಗೆ ಮೀನ್ ತೆಗ್ದಿಡುದ್ ಎಲ್ಲಾದ್ರೂ ಇತ್ತಾ?”

ಸೊಸೆಯ ಮುಖ ಬಾಡಲಿ ಎಂದು ಬೆಳ್ಳಿ ಕಣ್ಣು ನೆಟ್ಟು ಕಾದಳು. ಶ್ರೀಲತಾ ಕೈತೊಳೆದು ತಟ್ಟೆ ತೆಗೆದಳು. “ಅದ್ಕೆಂತ, ನಾಳೆ ಮತ್ತೊಂದ್ ತೆಗ್ದಿಟ್ರಾಯ್ತ್” ಎಂದು ನಕ್ಕು, ಗಂಜಿಗೆ ಚಟ್ನಿ ನಂಜಿಕೊಂಡು, ಹಾಲಾಡಿಯ ಸುದ್ದಿ ಹೇಳುತ್ತ ಹೊಟ್ಟೆತುಂಬ ಉಂಡಳು.

ಬೆಳ್ಳಿಗೆ ಗಂಜಿ ಇಳಿಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು, ಅತ್ತಿದ್ದರೆ ಖುಷಿಪಡುತ್ತಿದ್ದಳು. ನಾಳೆ ಮತ್ತೊಂದು ಎಂಬ ಮಾತನ್ನು ಹೇಗೆ ಸಹಿಸುವುದು? ಅವಳ ಕಾಲದಲ್ಲಿ ಕೈತಪ್ಪಿದ್ದು ಕೈತಪ್ಪಿಯೇ ಹೋಗುತ್ತಿತ್ತು.

ಮರುದಿನ ಬೆಳಿಗ್ಗೆ ಶ್ರೀಲತಾ ಪೆಟ್ಟಿಗೆಯನ್ನು ಜಗಲಿಯ ಮೇಲೆ ತೆರೆದಿಟ್ಟಳು. “ಇವತ್ತ್ ನೀವೇ ತೆಗ್ದಿಡಿ ಅತ್ತೆ. ನಾನ್ ತೆಗ್ದಿಟ್ರೆ ಮಾರಿಬಿಡ್ತ್ರಿ” ಎಂದು ಕಣ್ಣು ಮಿಟುಕಿಸಿದಳು.

ಬೆಳ್ಳಿ ಕೂತು ಕೈಹಾಕಿದಳು. ಅವಳ ಬೆರಳುಗಳು ಗಟ್ಟಿ ಮೀನುಗಳನ್ನೆಲ್ಲ ಬದಿಗೆ ಸರಿಸುತ್ತ ತಳಕ್ಕೆ ಹೋದವು. ಹೊಟ್ಟೆ ಒಡೆದ ಒಂದು ಬಂಗುಡೆಯನ್ನು ಹುಡುಕಿ ತೆಗೆದವು.

“ಅಯ್ಯೋ, ಅದ್ ಬೆಕ್ಕಿಗೆ! ನಿಮ್ಗೆ ಬೇಕಾದ್ದ್ ತೆಗ್ದಿಡಿ.”

ಬೆಳ್ಳಿಯ ಕಿವಿ ಬಿಸಿಯಾಯಿತು. ಹಟದಿಂದ ಪೆಟ್ಟಿಗೆಯಲ್ಲೇ ದೊಡ್ಡದಾದ ಮಾಂಜಿ ಮೀನನ್ನು ಎತ್ತಿಕೊಂಡು ಎದ್ದಳು. ಅಡುಗೆಮನೆಯ ಬಾಗಿಲಿಗೆ ಬಂದವಳು ನಿಂತು, ಒಳಗೆ ಯಾರಾದರೂ ಇದ್ದಾರೋ ಎಂದು ಇಣುಕಿದಳು.

“ಅತ್ತೆ,” ಹಿಂದಿನಿಂದ ಶ್ರೀಲತಾ ನಗುತ್ತ ಕೇಳಿದಳು, “ಮೀನ್ ಸೆರಗಿನ ಅಡಿಗ್ ಎಂತಕ್ಕೆ? ಬೈಯುಕೆ ಇಲ್ಲಿ ಯಾರ್ ಇದ್ರ್?”

ಬೆಳ್ಳಿ ಬಗ್ಗಿ ನೋಡಿಕೊಂಡಳು. ಸೆರಗು ಮೀನಿನ ಮೇಲೆ ಬಿಗಿಯಾಗಿತ್ತು, ಐಸಿನ ನೀರು ಸೀರೆಯ ನೆರಿಗೆಗುಂಟ ಇಳಿಯುತ್ತಿತ್ತು. ಯಾವಾಗ ಮುಚ್ಚಿಕೊಂಡಳೋ ಅವಳಿಗೇ ತಿಳಿದಿರಲಿಲ್ಲ. ತನ್ನದೇ ಮನೆಯಲ್ಲಿ, ತನ್ನದೇ ಮೀನಿಗೆ, ಕಳ್ಳಿಯ ಹಾಗೆ ನಿಂತಿದ್ದಳು.

ಶ್ರೀಲತಾ ಪೆಟ್ಟಿಗೆ ಮುಚ್ಚಿ, “ಹೋತೆ” ಎಂದು ಸ್ಕೂಟರ್ ಹತ್ತಿದಳು. ಬೆಳ್ಳಿಗೆ ನಿನ್ನೆಗಿಂತ ಹೆಚ್ಚು ಹೊಟ್ಟೆ ಉರಿಯಿತು. ಬೇಕಾದ ಮೀನು ಈಗ ತನ್ನ ಕೈಯಲ್ಲೇ ಇತ್ತು. ಸೆರಗಿನಡಿ ಮುಚ್ಚದೆ ಮೀನು ಹಿಡಿದು ಅಂಗಳದಲ್ಲಿ ನಡೆಯುವ ಆ ಹುಡುಗಿಯ ಕೈ ಮಾತ್ರ ತನಗೆ ಇನ್ನು ಯಾವ ಬಂದರಿನಲ್ಲೂ ಸಿಗುವಂಥದ್ದಾಗಿರಲಿಲ್ಲ.