ಗಂಗರತ್ನಮ್ಮ ಕಟ್ಟಿಟ್ಟ ಬೀಜದ ತೆನೆ

ಬಾಗಲೂರಿನ ಕೆರೆ ಕೆಳಗೆ ಗಂಗರತ್ನಮ್ಮನವರ ಗದ್ದೆ. ಸುತ್ತೆಲ್ಲ ಲೇಔಟು ಎದ್ದಿವೆ, ಆ ಒಂದು ತುಂಡಿನಲ್ಲಿ ಮಾತ್ರ ಇನ್ನೂ ಭತ್ತ ತೂಗುತ್ತದೆ. ಕೊಯ್ಲಿಗೆ ಮುಂಚೆ ಗದ್ದೆಗಿಳಿದು, ತುಂಬಿದ ತೆನೆಗಳನ್ನೇ ಆರಿಸಿ, ಕಟ್ಟು ಕಟ್ಟಿ, ಬಿತ್ತನೆಗೆಂದು ತೊಲೆಗೆ ತೂಗುಹಾಕುವುದು ಆ ಮನೆಯ ಹೆಂಗಸರ ಕೆಲಸ. ಅತ್ತೆ ಕಲಿಸಿದ್ದು. ಗಂಗರತ್ನಮ್ಮನ ಕೈಗುಣ ಒಳ್ಳೆಯದು ಎಂದು ಊರೇ ಹೇಳುತ್ತಿತ್ತು.

ಹೋದ ವರ್ಷ ಮೊದಲ ಸಲ ಅಂಗಡಿಯಿಂದ ಹೈಬ್ರಿಡ್ ಬೀಜ ತಂದು ಹಾಕಿದರು. ಮನೆ ತುಂಬ ಭತ್ತವಾಯಿತು. ಎಂದಿನಂತೆ ಅವರು ಚೆಂದದ ತೆನೆ ಆರಿಸಿ ಕಟ್ಟಿಟ್ಟರು. ಈ ವರ್ಷ ಬಿತ್ತಿದ್ದು ಅದನ್ನೇ. ಈಗ ನೋಡಿದರೆ ಒಂದು ಗಿಡ ಎತ್ತರ, ಇನ್ನೊಂದು ಗಿಡ್ಡ. ಮುಂಚೆ ಹೂ ಬಿಟ್ಟ ಕೆಲವು ತೆನೆ ಹಿಸುಕಿದರೆ ಬರೀ ಜೊಳ್ಳು.

"ಮೇಲೆ ವಿಮಾನ ಓಡಾಡ್ತಾವಲ್ಲ, ಆ ಗಾಳಿಗೆ ಹೂವು ನಿಲ್ಲಾಕಿಲ್ಲ ಕಣೇ," ಎಂದರು ಗಂಡ ಚಿಕ್ಕಬೈರಪ್ಪ. "ಏರ್‌ಪೋರ್ಟಿಗೆ ಬರೋ ಕಾರು ನಿಲ್ಸೋಕೆ ಜಾಗ ಕೇಳ್ತಾವ್ರೆ. ಈ ಕೊಯ್ಲು ಮುಗೀಲಿ, ಮಣ್ಣು ಹೊಡ್ಸಿ ಬಾಡಿಗೆಗೆ ಕೊಟ್ಬಿಡಾನ."

ಗಂಗರತ್ನಮ್ಮ ಸೊಪ್ಪು ಸೋಸುತ್ತಾ ತಮ್ಮ ಕೈಯನ್ನೇ ನೋಡಿಕೊಂಡರು.

ಭಾನುವಾರ ತಂಗಿಯ ಮಗಳು ಪದ್ಮಶ್ರೀ ಬಂದಳು. ಹೆಬ್ಬಾಳದಲ್ಲಿ ಕೃಷಿ ಓದುವ ಹುಡುಗಿ. ವಿಷಯ ಕೇಳಿದ್ದೇ, ಬಿಸಿಲೇರುವ ಹೊತ್ತಿಗೆ ಇಬ್ಬರನ್ನೂ ಗದ್ದೆಗೆ ಕರೆದೊಯ್ದಳು. ಭತ್ತ ಹೂವು ಬಿರಿಯುವುದು ಆಗಲೇ.

"ದೊಡ್ಡಪ್ಪ, ನಿಮ್ಮ ಕರೀ ಕೊಡೆ ತಲೆಕೆಳಗೆ ಹಿಡ್ಕೊಳ್ಳಿ."

"ಬಿಸ್ಲು ನನ್ನ ಬೋಳುತಲೆಗೆ ಹೊಡೀತದಲ್ಲಮ್ಮಿ!"

"ಒಂದ್ನಿಮಿಷ ತಡ್ಕೊಳ್ಳಿ."

ಅವಳು ಒಂದು ತೆನೆಯನ್ನು ಕೊಡೆಯೊಳಗೆ ಮೆಲ್ಲಗೆ ತಟ್ಟಿದಳು. ಕಪ್ಪು ಬಟ್ಟೆಯ ಮೇಲೆ ಹಳದಿ ಪುಡಿ ಉದುರಿತು. ಪಕ್ಕದ ಗಿಡದ ತೆನೆ ತಟ್ಟಿದಳು. ಏನೂ ಉದುರಲಿಲ್ಲ. ಆ ಹೂವಿನಲ್ಲಿ ಪುಡಿ ಇರಬೇಕಾದ ಪುಟ್ಟ ಚೀಲಗಳು ಬಿಳಿಚಿ ಮುರುಟಿದ್ದವು.

"ಈ ಪುಡೀನೇ ಪರಾಗ. ಇದಿಲ್ದೆ ಕಾಳು ಕಟ್ಟಲ್ಲ. ವಿಮಾನ ಎರಡೂ ಗಿಡದ ಮೇಲೆ ಹೋಯ್ತಲ್ಲ ದೊಡ್ಡಪ್ಪ?"

ಚಿಕ್ಕಬೈರಪ್ಪ ಗಲ್ಲ ಕೆರೆದುಕೊಂಡರು. "ಮತ್ತೆ ಯಾಕಿಂಗೆ?"

"ಈ ಹೈಬ್ರಿಡ್ ಮಾಡುವಾಗ ಪರಾಗವೇ ಆಗದ ತಾಯಿ ಗಿಡ ತಗೊಂಡಿರ್ತಾರೆ. ತಂದೆ ಗಿಡದಿಂದ ಬರೋ ಜೀನು, ಅಂದ್ರೆ ಗುಣ ಹೊತ್ತು ತರೋ ಅಂಶ, ಆ ಕೊರತೆ ತುಂಬುತ್ತೆ. ಅಂಗಡಿ ಬೀಜ ಬಿತ್ತಿದಾಗ ಎಲ್ಲಾ ಗಿಡಕ್ಕೂ ಆ ಜೀನು ಸಿಗುತ್ತೆ, ಬೆಳೆ ಚೆನ್ನಾಗ್ ಬರುತ್ತೆ. ಆದ್ರೆ ಆ ಬೆಳೇಲಿ ಎತ್ತಿಟ್ಟ ಬೀಜಕ್ಕೆ ಹಂಚಿಕೆ ಆಗುವಾಗ ಕೆಲವಕ್ಕೆ ಸಿಗುತ್ತೆ, ಕೆಲವಕ್ಕೆ ಸಿಗಲ್ಲ."

ಗಂಗರತ್ನಮ್ಮ ಅವಳ ಜಡೆ ಮುಟ್ಟಿದರು. "ನಿಮ್ಮಜ್ಜನ ಗುಂಗುರು ಕೂದ್ಲು ನಿನಗ್ ಬಂತು, ನನ್ ಹೊಟ್ಟೇಲಿ ಹುಟ್ಟಿದ ವೇದಂಗೆ ಬರ್ಲಿಲ್ಲ. ಅಂಗೇ ಅನ್ನು."

"ಅಂಗೇ ದೊಡ್ಡಮ್ಮ!"

"ಅಂಗಾರೆ... ನನ್ನ ಕೈ ಕೆಟ್ಟಿಲ್ವೇನವ್ವ?"

"ನಿಮ್ಮ ಕೈಗೇನಾಗಿದೆ? ತುಂಬಿದ ತೆನೆ ಕಣ್ಣಿಗೆ ಕಾಣುತ್ತೆ, ಅದರೊಳಗಿನ ಜೀನು ಯಾರಿಗೂ ಕಾಣಲ್ಲ. ಹೈಬ್ರಿಡ್ ಅಲ್ಲದ ಸಾದಾ ತಳಿ ಹಾಕಿ. ಆಗ ನೀವು ಆರಿಸಿಟ್ಟ ತೆನೆ ತಾಯಿಯಂಥದ್ದೇ ಬೆಳೆ ಕೊಡುತ್ತೆ."

ಚಿಕ್ಕಬೈರಪ್ಪ ಕೊಡೆ ಕೊಡವಿ ತಲೆಗೆ ಹಿಡಿದರು. "ವಿಮಾನಕ್ಕೆ ಸುಮ್ನೆ ಬಯ್ದೆ ಅನ್ನು. ಆಯ್ತು, ಕಾರಿನೋರಿಗೆ ಇಲ್ಲ ಅಂತೀನಿ. ಇನ್ನೊಂದು ಬೆಳೆ ನೋಡಾನ."

ಮುಂದಿನ ವರ್ಷ ಅವರು ಸಾದಾ ತಳಿಯನ್ನೇ ಬಿತ್ತಿದರು. ಗದ್ದೆ ಒಂದೇ ಸಮನೆ ತಲೆ ಬಾಗಿತು. ಗಂಗರತ್ನಮ್ಮ ತೆನೆ ಆರಿಸಲು ಇಳಿದಾಗ, ಕೊಡೆ ಹಿಡಿದು ಹಿಂದೆಯೇ ನಡೆದವರು ಚಿಕ್ಕಬೈರಪ್ಪ.

ಬೀಜ ಎತ್ತಿಡುವ ಅಕ್ಕಂದಿರೇ, ಅಣ್ಣಂದಿರೇ, ತೆನೆಗೆ ಕೈ ಹಾಕುವ ಮೊದಲು ಬೀಜ ತಂದ ಚೀಲವನ್ನೊಮ್ಮೆ ಓದಿ. ಹೈಬ್ರಿಡ್ ಎಂದಿದ್ದರೆ ಆ ಭತ್ತ ಉಣ್ಣುವುದಕ್ಕೆ ಮಾತ್ರ. ಬಿತ್ತನೆಗೆ ಪ್ರತಿ ಸಲ ಹೊಸ ಬೀಜವನ್ನೇ ತನ್ನಿ. ಸಾದಾ ತಳಿಯಾದರೆ ಧೈರ್ಯವಾಗಿ ಎತ್ತಿಡಿ. ತಿಳಿಯದಿದ್ದರೆ ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಬೆಳೆ ಜೊಳ್ಳಾಯಿತೆಂದು ನಿಮ್ಮ ಕೈಯನ್ನು ಹಳಿದುಕೊಳ್ಳಬೇಡಿ, ಗದ್ದೆಯನ್ನೂ ಬಿಡಬೇಡಿ.