ಗುಲ್ಜಾ ಸೊಸೆಯ ಮಂತಾ

ಸಾವುತ್ ಆಕಾನ ಮೇಲೆ ಹೊರಿಸಿದ ಆರೋಪ ಇಷ್ಟು: ಅವನ ಮೊಮ್ಮಗಳು ಪೇಟೆಯ ನಡುವೆ ದೊಡ್ಡ ಹೋಟೆಲು ತೆರೆದು, ಉಯ್ಗುರರ ಊಟ ಎಂದು ಹೇಳಿ ಜನರಿಗೆ ಸೊಪ್ಪುಸದೆ ತಿನ್ನಿಸುತ್ತಿದ್ದಾಳೆ.

ಅಲ್ಮಾಟಿಯ ಸುಲ್ತಾನ್‌ಕೊರ್ಗಾನ್ ಬಡಾವಣೆಯ ಹಿರಿಯರ ಮೆಶ್ರೆಪ್ ಅದು. ತಿಂಗಳಿಗೊಂದು ಭಾನುವಾರ ಯಾರಾದರೊಬ್ಬರ ಮನೆಯಲ್ಲಿ ಸೇರುತ್ತಾರೆ, ಉಣ್ಣುತ್ತಾರೆ, ದುತಾರ್ ಮೀಟಿ ಹಾಡುತ್ತಾರೆ, ಆಮೇಲೆ ತಮ್ಮೊಳಗೇ ನ್ಯಾಯ ಕೂಡಿಸಿ ಒಬ್ಬರ ಕಾಲು ಇನ್ನೊಬ್ಬರು ಎಳೆಯುತ್ತಾರೆ. ಕೂಟಕ್ಕೆ ತಡವಾಗಿ ಬಂದವನಿಗೂ ಶಿಕ್ಷೆ, ಹೆಂಡತಿಯ ಮೇಲೆ ರೇಗಿ ಸಿಕ್ಕಿಬಿದ್ದವನಿಗೂ ಶಿಕ್ಷೆ. ಶಿಕ್ಷೆ ಕೊಡುವ ಕಾಜಿ ಹೆಮ್ರಾ, ಒಂದು ಕಾಲಕ್ಕೆ ನಾಟಕ ಕಂಪನಿಯಲ್ಲಿ ರಾಜನ ಪಾತ್ರ ಹಾಕುತ್ತಿದ್ದವನು. ರಾಜನ ಗತ್ತು ಈಗಲೂ ಇಳಿದಿರಲಿಲ್ಲ.

"ನೋಡಪ್ಪಾ ಸಾವುತ್," ಎಂದ ಅವನು ದಿಂಬಿಗೆ ಒರಗಿ. "ನಲವತ್ತು ವರ್ಷ ಈ ಊರಿಗೆ ಕಬಾಬು ತಿನ್ನಿಸಿದೋನು ನೀನು. ನಿನ್ನ ಒಲೆ ಹೊಗೆಗೆ ಎದುರುಮನೆ ಗೋಡೆ ಇವತ್ತಿಗೂ ಕಪ್ಪಗಿದೆ. ಅಂಥಾ ಮನೇಲಿ ಹುಟ್ಟಿದ ಹುಡುಗಿ ಕುರಿಗಳ ಕಡೆ ಸೇರ್ಕೊಂಡಿದಾಳಂತೆ. ಹೌದೋ ಅಲ್ವೋ?"

"ಕುರಿಗಳ ಕಡೆ ಎಲ್ಲಿ ಬಂತು ಕಾಜಿಗಳೇ," ಎಂದ ಸಾವುತ್ ಆಕಾ. "ಕುರಿ ತಿನ್ನೋದನ್ನೆಲ್ಲ ಇವಳೇ ತಿಂದು ಮುಗಿಸ್ತಾಳೆ. ಕುರಿಗಳು ನಂಗೆ ಶಾಪ ಹಾಕ್ತಿವೆ."

ಕೂಟ ನಕ್ಕಿತು. ಬಾಗಿಲ ಬಳಿ ಕೂತಿದ್ದ ಯಾಕುಪ್, ಮಾತು ಕಡಿಮೆ ಆಡುವ ಮನುಷ್ಯ, ಅವನೂ ಒಂದು ಮಾತು ಸೇರಿಸಿದ. "ನಮ್ಮ ಸೊಸೆ ಹೋಗಿದ್ಲು ಅಲ್ಲಿಗೆ. ತಟ್ಟೆ ಗಾಡಿ ಚಕ್ರದಷ್ಟು, ಊಟ ಅದರ ಕಡಾಣಿಯಷ್ಟು ಅಂದ್ಲು. ಮನೆಗೆ ಬಂದು ರೊಟ್ಟಿ ತಿಂದು ಮಲಗಿದ್ಲು."

ಹೆಮ್ರಾ ತೀರ್ಪು ಕೊಟ್ಟ. ಮುಂದಿನ ತಿಂಗಳ ಮೆಶ್ರೆಪ್ ಆ ಹುಡುಗಿಯ ಹೋಟೆಲಿನಲ್ಲೇ ನಡೆಯಬೇಕು. ಕೂಟ ಹೊಟ್ಟೆ ತುಂಬಿ ಎದ್ದರೆ ಸರಿ. ಹಸಿದುಕೊಂಡು ಎದ್ದರೆ ಸಾವುತ್ ಒಂದು ವರ್ಷ ಕಬಾಬಿನ ಕಡ್ಡಿ ಮುಟ್ಟುವಂತಿಲ್ಲ.

ಎಲ್ಲರ ಜೊತೆ ಸಾವುತ್ ಆಕಾನೂ ನಕ್ಕ. ಆದರೆ ಮನೆಗೆ ನಡೆದು ಬರುವಾಗ ನಗು ಇರಲಿಲ್ಲ. ಮೊಮ್ಮಗಳ ಹೋಟೆಲಿನಲ್ಲಿ ಅವನು ಇದುವರೆಗೆ ಒಂದು ತುತ್ತು ತಿಂದಿರಲಿಲ್ಲ. ತೆರೆದ ದಿನ ಹೋಗಿ, ಆಶೀರ್ವಾದ ಮಾಡಿ, ಒಂದು ಬಟ್ಟಲು ಚಹಾ ಕುಡಿದು ಎದ್ದು ಬಂದಿದ್ದ. ಕೇಳಿದವರಿಗೆ ಹೊಟ್ಟೆ ಸರಿಯಿಲ್ಲ ಎಂದಿದ್ದ. ಅಂದು ಅವನ ಮುಂದೆ ಬಂದ ತಟ್ಟೆಯಲ್ಲಿ ಸಿಹಿಗುಂಬಳ ಇತ್ತು.

ಸಿಹಿಗುಂಬಳ ಕಂಡರೆ ಅವನಿಗೆ ಒಂದು ಚಳಿಗಾಲ ನೆನಪಾಗುತ್ತಿತ್ತು. ಅರವತ್ತೆರಡರ ವಸಂತದಲ್ಲಿ ಗುಲ್ಜಾದಿಂದ ಗಡಿ ದಾಟಿ ಬಂದ ಸಾವಿರಾರು ಜನರಲ್ಲಿ ಅವನ ಅಪ್ಪ ಅಮ್ಮನೂ ಇದ್ದರು. ಅವನಿಗಾಗ ಎಂಟು ವರ್ಷ. ಜಾರ್ಕೆಂಟ್ ಆಚೆಯ ಒಂದು ಸಾಮೂಹಿಕ ಜಮೀನಿನಲ್ಲಿ ಅವರಿಗೆ ಮಣ್ಣಿನ ಒಂದು ಕೋಣೆ ಸಿಕ್ಕಿತು. ಗುಲ್ಜಾದ ಮನೆಗೆ ನೀಲಿ ಬಾಗಿಲು, ಅಂಗಳದಲ್ಲಿ ದ್ರಾಕ್ಷಿ ಚಪ್ಪರ, ಹಿತ್ತಿಲಲ್ಲಿ ಸೇಬು. ಇಲ್ಲಿ ಕಿಟಕಿಗೆ ಗಾಜಿಲ್ಲ. ಆ ಚಳಿಗಾಲ ಮೂರು ಹೊತ್ತೂ ಸಿಹಿಗುಂಬಳ. ಬೇಯಿಸಿದ್ದು, ಸುಟ್ಟದ್ದು, ಜೋಳದ ಹಿಟ್ಟಿನಲ್ಲಿ ಕಲಸಿದ್ದು. ದೊಡ್ಡವನಾದ ಮೇಲೆ ನನ್ನ ಮನೆಯಲ್ಲಿ ಮಾಂಸವಿಲ್ಲದ ಒಲೆ ಉರಿಯಬಾರದು ಎಂದು ಆ ಹುಡುಗ ಆಣೆ ಹಾಕಿಕೊಂಡಿದ್ದ. ಕಬಾಬಿನ ಅಂಗಡಿ ಹುಟ್ಟಿದ್ದೇ ಆ ಆಣೆಯಿಂದ.

ಮರುದಿನ ಹೋಟೆಲಿಗೆ ಹೋದ. ಓಕ್ ಮರಗಳ ಓಣಿಯಲ್ಲಿ ಹಳೆಯ ಮರದ ಮನೆಯೊಂದನ್ನು ಮೊಮ್ಮಗಳು ರಾಹಿಲೆ ಚೊಕ್ಕ ಮಾಡಿ ಹೋಟೆಲು ಮಾಡಿಕೊಂಡಿದ್ದಳು. ಬಿಳಿ ಹಾಸು, ಮಣ್ಣಿನ ತಟ್ಟೆ, ಒಂದಾದ ಮೇಲೊಂದು ಬರುವ ಎಂಟು ಬಗೆ. ಕೆಲಸ ಕಲಿತದ್ದು ಇಸ್ತಾಂಬುಲ್‌ನಲ್ಲಿ. ಮಾಂಸ ಬಿಟ್ಟಿದ್ದೂ ಅಲ್ಲೇ. ಯಾಕೆ ಎಂದು ಕೇಳಿದರೆ, "ಬೇಡ ಅನ್ನಿಸ್ತು, ಬಿಟ್ಟೆ," ಎನ್ನುವಳು.

ತೀರ್ಪು ಕೇಳಿ ಅವಳು ಹೆದರಲಿಲ್ಲ. "ಬರ್ಲಿ ಬಿಡಿ ಅಜ್ಜ. ನಮ್ಮೋರು ಒಬ್ರೂ ಬರಲ್ಲ ಅಂತ ನಂಗೂ ಬೇಜಾರಿತ್ತು." ಕೈಯಲ್ಲಿದ್ದ ಕ್ಯಾರೆಟ್ ಕೆಳಗಿಟ್ಟು ಕೇಳಿದಳು, "ಅಲ್ಲಿ ಗುಲ್ಜಾದಲ್ಲಿ ನೀವು ಏನು ತಿಂತಿದ್ರಿ?"

"ಮಾಂಸ."

"ದಿನಾ?"

ಸಾವುತ್ ಆಕಾ ಟೋಪಿ ಸರಿಮಾಡಿಕೊಂಡ. "ದಿನಾ ಎಲ್ಲಿಂದ ಬರ್ಬೇಕು. ಶುಕ್ರವಾರ."

"ಮಿಕ್ಕಿದ ದಿನ?"

ಅವನು ಅರವತ್ತು ವರ್ಷ ಆ ಶುಕ್ರವಾರಗಳನ್ನೇ ನೆನೆದುಕೊಂಡು ಮಿಕ್ಕ ದಿನಗಳನ್ನು ಮರೆತಿದ್ದ.

"ತಟ್ಟೇಲಿ ಚೆಂದ ಜೋಡಿಸೋದು ನಂಗೆ ಗೊತ್ತು," ಎಂದಳು ರಾಹಿಲೆ. "ಉಯ್ಗುರ್ ಊಟ ಅಂತ ಬೋರ್ಡೂ ಹಾಕಿದೀನಿ. ಆದ್ರೆ ನಮ್ಮೋರ ಬಗ್ಗೆ ನಂಗೆ ಗೊತ್ತಿರೋದು ಮದುವೆ ಮನೆ ಊಟ, ಅಷ್ಟೇ. ನನ್ನ ಜೊತೆ ಜಾರ್ಕೆಂಟ್ ಕಡೆ ಬರ್ತೀರಾ? ಅಲ್ಲಿ ಹಳೇ ಹೆಂಗಸರು ಇನ್ನೂ ಯಾರಾದ್ರೂ ಇರ್ತಾರೆ."

ಹೋಗುವ ಮನಸ್ಸಿರಲಿಲ್ಲ. ಹೋಗಲ್ಲ ಎನ್ನಲು ಕಾರಣವೂ ಸಿಗಲಿಲ್ಲ.

ಬೆಳಕು ಹರಿಯುವ ಹೊತ್ತಿಗೆ ಹೊರಟರು. ಕಾರು ರಾಹಿಲೆಯದು. ಕೋಕ್‌ಪೆಕ್ ಕಣಿವೆ ದಾಟುವ ತನಕ ಸಾವುತ್ ಆಕಾ ಅವಳ ಓಡಿಸುವಿಕೆಗೆ ಬೈಯುತ್ತಿದ್ದ. ಶೊನ್ಜಿ ಊರಿನಲ್ಲಿ ಬಿಸಿ ನಾನ್ ಕೊಂಡು, ಮುರಿದು, ಕಾರಿನಲ್ಲೇ ತಿಂದರು. ಇಲಿ ನದಿಯ ಸೇತುವೆ ಬಂದಾಗ ಅವನು ಕಿಟಕಿಯ ಗಾಜು ಇಳಿಸಿದ. ನೀರು ಅದೇ ಬೂದು ಬಣ್ಣ, ಅದೇ ಅವಸರವಿಲ್ಲದ ಹರಿವು. ಈ ನೀರು ಗುಲ್ಜಾ ಮುಟ್ಟಿ ಬಂದದ್ದು ಎಂದು ಅಮ್ಮ ಹೇಳುತ್ತಿದ್ದಳು. ಹಬ್ಬದ ಹಿಂದಿನ ದಿನ ನದಿಗೆ ಹೋಗಿ ಮುಖ ತೊಳೆದು ಬರುತ್ತಿದ್ದಳು, ಚಳಿಯಿರಲಿ ಮಳೆಯಿರಲಿ.

"ನಿಲ್ಲಿಸ್ಲಾ ಅಜ್ಜ?"

"ಬೇಡ, ಬೇಡ. ನಡಿ."

ಊರು ಗುರುತು ಸಿಗದಷ್ಟು ಬೆಳೆದಿತ್ತು. ಅಮ್ಮನನ್ನು ಅಲ್ಮಾಟಿಗೆ ಕರೆತಂದ ಮೇಲೆ ಅವನು ಇತ್ತ ತಲೆ ಹಾಕಿರಲಿಲ್ಲ. ಕಾಲುವೆ ಮಾತ್ರ ಇದ್ದಲ್ಲೇ ಇತ್ತು. ಕಾಲುವೆಯ ಪಕ್ಕದ ಮನೆಯ ಮುಂದೆ ಮುದುಕಿಯೊಬ್ಬಳು ಮೆಣಸಿನಕಾಯಿ ಸರ ಪೋಣಿಸುತ್ತ ಕೂತಿದ್ದಳು. ಕಾರಿನಿಂದ ಇಳಿದವನನ್ನು ಕಣ್ಣು ಕಿರಿದು ಮಾಡಿ ನೋಡಿದಳು.

"ಆಯಿಮ್‌ಖಾನ್ ಮಗ ಅಲ್ವೇನೋ ನೀನು? ಆ ಕಿವಿ ಇನ್ಯಾರಿಗಿದೆ. ಆಗಲೇ ಟೋಪಿನ ಕಿವಿ ಮೇಲೆ ನಿಲ್ಲಿಸ್ತಿದ್ದೆ."

ಪಾತೆಮ್. ಅವರ ಮಣ್ಣಿನ ಕೋಣೆಯ ಪಕ್ಕದ ಮನೆಯ ಹುಡುಗಿ. ಅವನಿಗಿಂತ ಏಳೆಂಟು ವರ್ಷ ದೊಡ್ಡವಳು. ಕಾಲುವೆ ದಾಟುವಾಗ ಅವನನ್ನು ಬೆನ್ನ ಮೇಲೆ ಹೊತ್ತವಳು.

"ಪಾತೆಮಕ್ಕಾ," ಎಂದು ಅವನು ಅವಳ ಎರಡೂ ಕೈ ಹಿಡಿದುಕೊಂಡ.

ಒಳಗೆ ಕೂರಿಸಿ ಉಪ್ಪು ಹಾಕಿದ ಹಾಲಿನ ಚಹಾ ಕೊಟ್ಟಳು. ರಾಹಿಲೆ ಬಂದ ಕೆಲಸ ಹೇಳಿದಾಗ ಮುದುಕಿ ನಕ್ಕಳು. "ಮಾಂಸ ಇಲ್ದಿರೋದು ಕೇಳ್ಕೊಂಡು ಇಷ್ಟು ದೂರ ಬಂದ್ರಾ? ಒಳ್ಳೇ ಹೊತ್ತಿಗೇ ಬಂದಿದೀರ. ಮಧ್ಯಾಹ್ನಕ್ಕೆ ಗುಲ್ಜಾ ಸೊಸೆ ಮಂತಾ ಮಾಡೋಣ ಅಂತಿದ್ದೆ."

"ಅದ್ಯಾವ ಮಂತಾ?" ಎಂದ ಸಾವುತ್ ಆಕಾ.

ಪಾತೆಮ್ ಅವನನ್ನು ವಿಚಿತ್ರವಾಗಿ ನೋಡಿದಳು. "ಯಾವುದು ಅಂದ್ರೆ? ನಿಮ್ಮಮ್ಮಂದು ಕಣೋ. ಅವಳನ್ನ ನಾವೆಲ್ಲ ಗುಲ್ಜಾ ಸೊಸೆ ಅಂತಿದ್ವಿ."

ಹಿಟ್ಟು ಲಟ್ಟಿಸುತ್ತ, ತುಂಬುತ್ತ, ಬೆರಳಿನಲ್ಲಿ ನೆರಿಗೆ ಹಿಡಿಯುತ್ತ ಅವಳು ಹೇಳಿದಳು. ಈ ಊರಿನವರಿಗೆ ಆಗ ಸಿಹಿಗುಂಬಳ ಎಂದರೆ ದನದ ಮೇವು. ಬೇರೆ ಏನೂ ಇಲ್ಲದಾಗ ಬೇಯಿಸಿ ನುಂಗುವುದು, ಅಷ್ಟೇ. ಆಯಿಮ್‌ಖಾನ್ ಅದನ್ನು ಗೋಧಿಕಾಳಿನಷ್ಟು ಸಣ್ಣಗೆ ಹೆಚ್ಚಿದಳು. ಹತ್ತಿಬೀಜದ ಎಣ್ಣೆಯಲ್ಲಿ ಈರುಳ್ಳಿ ಕೆಂಪಗೆ ಹುರಿದಳು. ಗುಲ್ಜಾದಿಂದ ತಲೆವಸ್ತ್ರದ ತುದಿಯಲ್ಲಿ ಗಂಟು ಹಾಕಿ ತಂದ ಕರಿಮೆಣಸು ಕುಟ್ಟಿ ಹಾಕಿದಳು. ಹಾಳೆಯನ್ನು ಎಷ್ಟು ತೆಳ್ಳಗೆ ಲಟ್ಟಿಸಿದಳೆಂದರೆ ಹಬೆಯಲ್ಲಿ ಬೆಂದು ಬಂದ ಕಡುಬಿನ ಮೈಯೆಲ್ಲ ಹಳದಿ ದೀಪದ ಹಾಗೆ ಕಾಣುತ್ತಿತ್ತು. ಆಮೇಲೆ ಓಣಿಯ ಮನೆಮನೆಗೂ ಹೋಗಿ ಊಟಕ್ಕೆ ಕರೆದಳು.

"ನಮ್ಮಮ್ಮ ಅಂದ್ಲು, ನಿನ್ನೆ ಮೊನ್ನೆ ಬಂದೋರು, ಹೊದೆಯೋಕೆ ಕಂಬಳಿ ಇಲ್ಲ, ಇವರು ನಮ್ಮನ್ನ ಊಟಕ್ಕೆ ಕರೀತಾರಲ್ಲೇ ಅಂತ. ಹೋದ್ವಿ. ನಿಮ್ಮಪ್ಪ ದುತಾರ್ ಹಿಡಿದ. ಆ ಕೋಣೇಲಿ ಕಾಲಿಡೋಕೆ ಜಾಗ ಇರ್ಲಿಲ್ಲ. ಆ ಚಳಿಗಾಲ ಎಷ್ಟು ಸಲ ಸೇರಿದ್ವೋ ಲೆಕ್ಕ ಇಲ್ಲ. ನನ್ನ ಮದುವೇಲೂ ಅವಳದ್ದೇ ಮಂತಾ. ಈಗ ಈ ಸುತ್ತಿನ ಊರಲ್ಲೆಲ್ಲ ಅದಕ್ಕೆ ಅದೇ ಹೆಸರು. ಅವಳು ಯಾರು ಅಂತ ಈಗಿನ ಹುಡುಗೀರಿಗೆ ಗೊತ್ತಿಲ್ಲ, ಹೆಸರು ಮಾತ್ರ ಹೇಳ್ತಾರೆ."

"ನಂಗೆ ಇದೊಂದೂ ನೆನಪಿಲ್ವಲ್ಲ," ಎಂದ ಸಾವುತ್ ಆಕಾ.

"ನೀನು ಮೂಲೇಲಿ ಮುಖ ಊದಿಸ್ಕೊಂಡು ಕೂತಿರ್ತಿದ್ದೆ. ಮಾಂಸ ಇಲ್ದೆ ತಿನ್ನಲ್ಲ ಅಂತ ಹಟ. ನಿಮ್ಮಮ್ಮ ಎಲ್ಲಾರ ಮುಂದೆ ನಿನ್ನ ತೋರಿಸಿ, ನಮ್ಮ ಸಾಹುಕಾರ್ರಿಗೆ ಇವತ್ತು ಹಸಿವಿಲ್ಲ ಅಂತಿದ್ಲು. ಜನ ಬಿದ್ದು ಬಿದ್ದು ನಗೋರು."

ಮಂತಾ ಮುಂದೆ ಬಂತು. ಹಬೆ ಮುಖಕ್ಕೆ ಬಡಿಯಿತು. ಸಾವುತ್ ಆಕಾ ಒಂದನ್ನು ಎತ್ತಿ ಬಾಯಿಗಿಟ್ಟ. ಮೊದಲು ಬಂದದ್ದು ಕರಿಮೆಣಸಿನ ಖಾರ, ಅದರ ಹಿಂದೆ ಸಿಹಿ, ಅದರ ಹಿಂದೆಯೇ ಆ ಕೋಣೆ. ಕಿಟಕಿಗೆ ಅಂಟಿಸಿದ ಕಾಗದ, ಅದರ ಮೇಲೆ ಕುಣಿಯುವ ನೆರಳುಗಳು, ದುತಾರಿನ ಸದ್ದು, ಒದ್ದೆ ಉಣ್ಣೆಯ ವಾಸನೆ, ಅಮ್ಮನ ಗಂಟಲು. ಅಮ್ಮ ಹಾಡುತ್ತಿದ್ದಳು. ಅಮ್ಮ ಹಾಡುತ್ತಿದ್ದಳು ಎಂಬುದನ್ನೇ ಅವನು ಮರೆತಿದ್ದ. ಒಂದು ಇಡೀ ಚಳಿಗಾಲದಲ್ಲಿ ತನ್ನ ಹಟವೊಂದನ್ನೇ ಎತ್ತಿಟ್ಟುಕೊಂಡು ಮಿಕ್ಕದ್ದನ್ನೆಲ್ಲ ಅಲ್ಲೇ ಬಿಟ್ಟು ಬಂದಿದ್ದ.

ಎದ್ದು ಹೊರಗೆ ಹೋದ. ಕಾಲುವೆಯ ನೀರಿನಲ್ಲಿ ಬಹಳ ಹೊತ್ತು ಮುಖ ತೊಳೆದುಕೊಂಡ. ಕಿಟಕಿಯಿಂದ ನೋಡಿದ ರಾಹಿಲೆ ಹೊರಗೆ ಹೋಗಲು ಎದ್ದಾಗ ಪಾತೆಮ್ ಅವಳ ಕೈ ಹಿಡಿದು ಕೂರಿಸಿದಳು. "ಬಿಡು. ಬಾ, ನೆರಿಗೆ ಹಿಡಿಯೋದು ಕಲಿ. ನಿನ್ನದು ಬಾಯಿ ಬಿಟ್ಕೊಂಡಿದೆ."

ಅವರು ಎರಡು ದಿನಕ್ಕೆಂದು ಬಂದವರು ವಾರ ಉಳಿದರು. ರಾಹಿಲೆ ಮನೆಯಿಂದ ಮನೆಗೆ ತಿರುಗಿದಳು. ಹೋದಲ್ಲೆಲ್ಲ ಮುದುಕಿಯರು ಮೊದಲು, "ನಮ್ಮಲ್ಲಿ ಅಂಥಾದ್ದೇನಿದೆ ಮಗಳೇ," ಎನ್ನುತ್ತಿದ್ದರು. ಆಮೇಲೆ ಸಂಜೆ ತನಕ ಬಿಡುತ್ತಿರಲಿಲ್ಲ. ಸಾವುತ್ ಆಕಾ ಬಾಗಿಲಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದ. ಅವನ ವಾರದ ಮಿಕ್ಕ ಆರು ದಿನಗಳು ಒಂದೊಂದಾಗಿ ವಾಪಸು ಬಂದವು.

ಮೆಶ್ರೆಪ್ ದಿನ ಹಿರಿಯರು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಬಂದು ಬಿಳಿ ಹಾಸಿನ ಮುಂದೆ ಕೈ ಎಲ್ಲಿಡಬೇಕೆಂದು ತಿಳಿಯದೆ ಕೂತರು. ಹೆಮ್ರಾ ತಟ್ಟೆಯನ್ನು ಬೆರಳಿನಿಂದ ಬಡಿದು, "ಸದ್ದು ಚೆನ್ನಾಗಿದೆ, ಬೇಕಾದ್ರೆ ಇದನ್ನೇ ಬಾರಿಸ್ಕೊಂಡು ಹೋಗಬಹುದು," ಎಂದ. ಮೊದಲು ಬಂದದ್ದು ಬೆರಳುದ್ದದ ಜೋಳದ ರೊಟ್ಟಿ, ಮೇಲೆ ಒಂದು ಚಮಚ ಕೆನೆ, ಸುಟ್ಟ ಬೆಳ್ಳುಳ್ಳಿ.

"ಇದು ಊಟಾನೋ, ಊಟದ ಫೋಟೋನೋ?"

"ತಿನ್ನಿ ಕಾಜಿಗಳೇ, ಮುಂದಕ್ಕಿದೆ," ಎಂದಳು ರಾಹಿಲೆ.

ಹೆಮ್ರಾ ಒಂದು ತುಂಡು ತಿಂದ. "ಇದನ್ನ ನಮ್ಮಜ್ಜಿ ಹಂಚಿಗೆ ತಟ್ಟೋಳು. ನಮ್ಮ ಕೈಗೆ ಸಿಕ್ಕದ ಹಾಗೆ ಮೇಲೆ ಇಡೋಳು," ಎಂದ. ಕೈಯಲ್ಲಿ ಎಳೆದ ತೆಳು ಶಾವಿಗೆಯ ಸಾರು ಬಂದಾಗ ಇನ್ನೊಬ್ಬ ತನ್ನ ತಾಯಿಯ ಮಾತು ತೆಗೆದ. ಮಂತಾ ಬಂದಾಗ ಅದರ ಹೆಸರನ್ನು ಸಾವುತ್ ಆಕಾನೇ ಎದ್ದು ನಿಂತು ಹೇಳಿದ. ಅಮ್ಮನ ಹೆಸರೂ ಹೇಳಿದ, ಕೋಣೆಯ ಕಥೆಯನ್ನೂ, ತನ್ನ ಊದಿದ ಮುಖದ ಕಥೆಯನ್ನೂ ಹೇಳಿದ. ಹೇಳಿ ಕೂತು ಎಲ್ಲರಿಗಿಂತ ಮೊದಲು ತಿಂದ. ಕೂಟ ಎರಡನೆಯ ಸಲ ಬಡಿಸಲು ಕೇಳಿತು, ಮೂರನೆಯ ಸಲವೂ ಕೇಳಿತು. ಅಡುಗೆಮನೆಯಲ್ಲಿ ಹಿಟ್ಟು ಮುಗಿಯಿತು.

"ಹೊಟ್ಟೆ ತುಂಬಿದೆ ಅಂತ ಬಾಯಲ್ಲಿ ಹೇಳೋಕೆ ನಂಗೆ ನಾಚಿಕೆ," ಎಂದ ಹೆಮ್ರಾ, ಸೊಂಟದ ಪಟ್ಟಿ ಸಡಿಲಿಸುತ್ತ. "ನೀವೇ ನೋಡ್ಕೊಳ್ಳಿ."

ನಗುವಿನ ನಡುವೆ ಯಾಕುಪ್ ನಗಲಿಲ್ಲ. ಕೊನೆಗೆ ಬಂದ ಅನ್ನವನ್ನು ಅವನು ಚಮಚದಲ್ಲಿ ಕೆದಕುತ್ತಿದ್ದ. ಅನ್ನದ ಮೇಲೆ ಸೇಬಿನಂಥ ಬೀಹಿ ಹಣ್ಣಿನ ಹೋಳುಗಳಿದ್ದವು. ಹಸಿಯಾಗಿ ತಿಂದರೆ ನಾಲಿಗೆ ಒಗರಾಗುತ್ತದೆ, ಬೆಂದರೆ ಕೆಂಪಗೆ ತಿರುಗಿ ಘಮ್ಮೆನ್ನುತ್ತದೆ. ಯಾಕುಪನ ಅಕ್ಕ ಸೆಲಿಮೆ ಗಡಿಯಾಚೆ ಗುಲ್ಜಾದಲ್ಲೇ ಉಳಿದವಳು. ಮೊದಲೆಲ್ಲ ಹಬ್ಬಕ್ಕೆ ಬಂದು ಹೋಗುತ್ತಿದ್ದಳು. ಅತ್ತ ಜನರನ್ನು ಹಿಡಿದೊಯ್ಯತೊಡಗಿದ ಮೇಲೆ, ಕೆಲವು ವರ್ಷಗಳಿಂದ, ಅವಳ ಫೋನು ಯಾರೂ ಎತ್ತುತ್ತಿಲ್ಲ. ಅವನು ಆ ಮಾತನ್ನು ಯಾರ ಬಳಿಯೂ ತೆಗೆಯುತ್ತಿರಲಿಲ್ಲ.

ಎಲ್ಲರೂ ಹೊರಟ ಮೇಲೆ ಅವನು ಅಡುಗೆಮನೆಯ ಬಾಗಿಲಿಗೆ ಬಂದ. "ಮಗಳೇ, ತಪ್ಪು ತಿಳೀಬೇಡ. ಹಣ್ಣನ್ನ ನೀನು ಬೇಗ ಹಾಕಿದೀಯ. ನಮ್ಮಕ್ಕ ಅನ್ನ ಮುಕ್ಕಾಲು ಬೆಂದ ಮೇಲೆ ಹಾಕ್ತಿದ್ಲು. ಬೀಜ ಬಟ್ಟೇಲಿ ಕಟ್ಟಿ ಅದರೊಳಗೇ ಇಡ್ತಿದ್ಲು. ಅದರಿಂದ ಬಣ್ಣ."

ರಾಹಿಲೆ ಸ್ಟೂಲು ಎಳೆದು ಕೊಟ್ಟಳು. "ಗುರುವಾರ ಬರ್ತೀರಾ? ನೀವೇ ತೋರಿಸಿ."

"ನಂಗೆ ಅಡುಗೆ ಬರಲ್ಲ. ನೋಡಿದ್ದು ಮಾತ್ರ ನೆನಪಿದೆ."

"ಸಾಕು."

ಸಾವುತ್ ಆಕಾ ಅವನ ಜೊತೆ ಬಸ್ಸಿನ ತನಕ ನಡೆದ. ಓಣಿಯಲ್ಲಿ ಉದುರಿದ ಎಲೆ ಕಾಲಡಿ ಸದ್ದು ಮಾಡುತ್ತಿತ್ತು.

"ನಿಮ್ಮಮ್ಮನ ಹೆಸರು ಇಲ್ಲದಿದ್ರೂ ಅವಳ ಮಂತಾ ಆ ಊರಲ್ಲಿ ಉಳೀತು," ಎಂದ ಯಾಕುಪ್. "ನಮ್ಮಕ್ಕನ ಹೆಸರನ್ನ ನಾನೇ ಬಾಯ್ಬಿಟ್ಟು ಹೇಳಿ ಎಷ್ಟು ದಿನ ಆಯ್ತೋ."

"ಈಗ ಹೇಳು ಮತ್ತೆ."

ಯಾಕುಪ್ ನಿಂತ. "ಸೆಲಿಮೆ," ಎಂದ. ಕಣ್ಣೊರೆಸಿಕೊಂಡು ಬಸ್ಸು ಹತ್ತಿದ.

ಆ ಚಳಿಗಾಲ ಅವನು ಗುರುವಾರಗಳಂದು ಬರತೊಡಗಿದ. ಏಪ್ರನ್ ಕಟ್ಟಿಸಿಕೊಳ್ಳಲು ಮೊದಲು ಒಪ್ಪಲಿಲ್ಲ, ಆಮೇಲೆ ಬಿಚ್ಚಲು ಒಪ್ಪಲಿಲ್ಲ. ಬೀಹಿ ಅನ್ನದ ತಟ್ಟೆ ಊಟದ ಕೋಣೆಗೆ ಹೋಗುವಾಗ ಬಡಿಸುವ ಹುಡುಗಿ ಪ್ರತಿ ಮೇಜಿನಲ್ಲೂ ಅದರ ಹೆಸರು ಹೇಳುತ್ತಾಳೆ: "ಇದು ಗುಲ್ಜಾದ ಸೆಲಿಮೆ ಅಕ್ಕನ ಅನ್ನ." ಯಾಕುಪ್ ಒಲೆಯ ಪಕ್ಕ ಕೂತು ಕ್ಯಾರೆಟ್ ಹೆಚ್ಚುತ್ತ ಕೇಳಿಸಿಕೊಳ್ಳುತ್ತಾನೆ. ಹುಡುಗಿ ಮೆಲ್ಲಗೆ ಹೇಳಿದರೆ, "ಇನ್ನೂ ಸ್ವಲ್ಪ ಜೋರಾಗಿ ಹೇಳಮ್ಮ, ಹಿಂದಿನೋರಿಗೆ ಕೇಳ್ಸಲ್ಲ," ಎನ್ನುತ್ತಾನೆ.